ವಾಡಿಯ ಬರ್ಫು, ಅಜ್ಜಿಯ ಪಾರಣೆ

ಚಿತ್ತಾಪುರದ ನಮ್ಮ ಮನೆಯಲ್ಲಿ ಎರಡು ಒಲೆಗಳಿದ್ದವು. ಪಡಸಾಲೆ ದಾಟಿದರೆ ಎಡಕ್ಕೆ ಅವ್ವನ ಅಡುಗೆಮನೆ. ಹೊಗೆ, ಗದ್ದಲ, ಅವಲಕ್ಕಿ ಡಬ್ಬಿ, ನಾನು ಯಾವಾಗ ಬೇಕಾದರೂ ಕೈ ಹಾಕಬಹುದಾದ ಬೆಲ್ಲದ ಗಡಿಗೆ ಎಲ್ಲ ಅಲ್ಲಿದ್ದವು. ಬಲಕ್ಕೆ, ಎರಡು ಮೆಟ್ಟಿಲು ಮೇಲೆ, ಒಂದು ಸಣ್ಣ ಖೋಲಿ. ಅದು ಅಜ್ಜಿಯದು, ಅಂದರೆ ಅಪ್ಪನ ತಾಯಿಯದು. ನೆಲಕ್ಕೆ ನುಣ್ಣನೆಯ ಶಹಾಬಾದ ಫರಸಿ, ಗೋಡೆಯಲ್ಲೊಂದು ಗೂಡು, ಮೂಲೆಯಲ್ಲಿ ಪುಟ್ಟ ಒಲೆ, ಮೇಲೆ ಗಳದ ಮೇಲೆ ಒಣಗುವ ಮಡಿ ಸೀರೆ. ಅವ್ವ ಸೊಸೆಯಾಗಿ ಬರುವ ಮೊದಲೇ ಅಜ್ಜ ತೀರಿಕೊಂಡಿದ್ದ. ಅಂದಿನಿಂದ ಅಜ್ಜಿ ತನ್ನ ಅಡುಗೆ ತಾನೇ ಮಾಡಿಕೊಂಡು, ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಉಣ್ಣುತ್ತಿದ್ದಳು. ಬೇರೆ ಯಾರ ಕೈಯದೂ ಮುಟ್ಟುತ್ತಿರಲಿಲ್ಲ, ಅವ್ವನ ಕೈಯದೂ ಇಲ್ಲ. ಅವ್ವ ಮಡಿಯಲ್ಲೇ ಮಾಡುತ್ತಿದ್ದಳು, ಅಜ್ಜಿಗಿಂತ ರುಚಿಯಾಗಿಯೂ ಮಾಡುತ್ತಿದ್ದಳು, ಆದರೂ ಇಲ್ಲ. ಅತ್ತೆ ಸೊಸೆಗೆ ಹೊಂದಿಕೆಯಿಲ್ಲ ಅಂತ ಓಣಿಯವರು ಅಂದುಕೊಂಡಿದ್ದರು. ಅಂಥದ್ದೇನೂ ಇರಲಿಲ್ಲ. ಮಧ್ಯಾಹ್ನ ಇಬ್ಬರೂ ಕೂಡಿ ಬತ್ತಿ ಹೊಸೆಯುತ್ತ ಆ ಓಣಿಯವರ ಬಗ್ಗೆಯೇ ಮಾತಾಡುತ್ತಿದ್ದರು. ಅಜ್ಜಿಯದು ನೇಮ, ಅಷ್ಟೇ. ಅದಕ್ಕೆ ಯಾರೂ ಕಾರಣ ಕೇಳುತ್ತಿರಲಿಲ್ಲ.

ನಾನು ಕೇಳುತ್ತಿದ್ದೆ. ಆಗ ನನಗೆ ಹನ್ನೊಂದು ವರ್ಷ, ಸಿಟ್ಟು ಮೂಗಿನ ತುದಿಯಲ್ಲಿ. ಈಗ ಮೂಗಿನ ಮೇಲೆ ಕನ್ನಡಕ ಬಂದಿದೆ, ಸಿಟ್ಟೂ ಪಕ್ಕದಲ್ಲೇ ಇದೆ. ಮನೆಗೆ ಒಬ್ಬಳೇ ಮಗಳು, ಹೆಸರು ಪದ್ಮಾವತಿ, ಕರೆಯುವುದು ಪಮ್ಮಿ. ಅಜ್ಜಿಯೆಂದರೆ ನನಗೆ ಜೀವ. ಬೆಳಿಗ್ಗೆ ಆಕೆ ಸ್ನಾನ ಮಾಡುವ ತನಕ ನಾನು ಆಕೆಯ ತೊಡೆಯ ಮೇಲೆ. ತಲೆ ಬಾಚಿ ಹೆಣೆಯುವುದು, ದೇವರ ಹಾಡು ಹೇಳಿಕೊಡುವುದು, ಬಗ್ಗಿ ಕಿವಿಯಲ್ಲಿ ಅವ್ವನ ಮೇಲೆ ಚಾಡಿ ಕೇಳುವುದು ಎಲ್ಲ ಆಗ. ಸ್ನಾನ ಆಯಿತೋ, ನಾನು ಮೂರು ಮಾರು ದೂರ. ಮಡಿ ಉಟ್ಟ ಅಜ್ಜಿಯನ್ನು ಹೊಸ್ತಿಲ ಹೊರಗೆ ಕೂತು ನೋಡಬೇಕು, ಮುಟ್ಟಬಾರದು. ಮುಟ್ಟಬಾರದು ಅನ್ನುವುದನ್ನು ನಾನು ಹೇಗೋ ನುಂಗಿಕೊಂಡಿದ್ದೆ. ಆಕೆ ನನ್ನ ಕೈಯಿಂದ ಏನೂ ತಿನ್ನುವುದಿಲ್ಲ ಅನ್ನುವುದು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದೇ ಒಂದು ಚಮಚೆ, ನಾನು ಮಾಡಿದ್ದು, ಅಜ್ಜಿಯ ಬಾಯಿಗೆ ಹೋಗಬೇಕು. ಆ ವರ್ಷ ನನಗೆ ಹಿಡಿದದ್ದು ಅದೊಂದೇ ಹುಚ್ಚು.

ಹುಚ್ಚಿಗೆ ದಾರಿ ತೋರಿಸಿದವನು ಅಪ್ಪ. ಆತ ವಾಡಿಯ ಒಂದು ಶಾಲೆಯಲ್ಲಿ ಮಾಸ್ತರ. ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿಬರುತ್ತಿದ್ದ. ಒಂದು ಬೇಸಿಗೆಯಲ್ಲಿ ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಯಾರೋ ವರ್ಗವಾಗಿ ಹೋಗುವಾಗ ಒಂದು ಕಟ್ಟಿಗೆಯ ಬಕೆಟ್ಟು ಅಪ್ಪನ ಕೈಗೆ ಕೊಟ್ಟು ಹೋದರು. ಒಳಗೊಂದು ತಗಡಿನ ಡಬ್ಬಿ, ಮೇಲೆ ತಿರುಗಿಸುವ ಹಿಡಿಕೆ. ಡಬ್ಬಿಯಲ್ಲಿ ಹಾಲೋ ರಸವೋ ಹಾಕಿ, ಸುತ್ತಲೂ ಬರ್ಫಿನ ಚೂರು ಮತ್ತು ಕಲ್ಲುಪ್ಪು ತುಂಬಿ ತಿರುಗಿಸಿದರೆ ಐಸ್‌ಕ್ರೀಮು. ನಮ್ಮ ಕಡೆ ಬೇಸಿಗೆಯೆಂದರೆ ಗೊತ್ತಲ್ಲ, ಮಧ್ಯಾಹ್ನ ಫರಸಿಯ ಮೇಲೆ ಕಾಲಿಟ್ಟರೆ ಕುಣಿಯಬೇಕು. ಅಂಥ ಊರಿಗೆ ಅಪ್ಪ ವಾಡಿಯಿಂದ ಬರ್ಫಿನ ಗಡ್ಡೆಯನ್ನು ಕಟ್ಟಿಗೆಯ ಹೊಟ್ಟಿನಲ್ಲಿ ಹೂತು, ಗೋಣಿಯಲ್ಲಿ ಸುತ್ತಿ, ಗಾಡಿಯಲ್ಲಿ ತೊಟ್ಟಿಕ್ಕಿಸುತ್ತ ತಂದ. ಪಕ್ಕದಲ್ಲಿ ಕೂತವರ ಧೋತರವೆಲ್ಲ ಒದ್ದೆಯಾಗಿ ದಾರಿಯುದ್ದಕ್ಕೂ ಜಗಳವಾಯಿತಂತೆ.

ಮೊದಲು ಮಾಡಿದ್ದು ಕರಬೂಜದ ಐಸು. ದಂಡೋತಿಯ ಭಾಗಮ್ಮ ಕಾಗಿಣಾ ನದಿಯ ಮರಳಿನಲ್ಲಿ ಬೆಳೆದ ಕರಬೂಜವನ್ನು ಬುಟ್ಟಿಯಲ್ಲಿ ಹೊತ್ತು ತಂದು ನಮ್ಮ ಕಟ್ಟೆಯ ಮೇಲೆ ಇಳಿಸುತ್ತಿದ್ದಳು. ಅವಳ ಅತ್ತೆಯ ಕಾಲದಿಂದಲೂ ನಮ್ಮ ಮನೆಗೆ ಹಣ್ಣು ಅವರದೇ. ನಾನು ಹಣ್ಣು ಕಿವುಚಿ, ಸಕ್ಕರೆ ಹೆಚ್ಚು ಹಾಕಿದರೆ ಅವ್ವ ಬೈಯುತ್ತಾಳೆಂದು ಚೂರೇ ಹಾಕಿ ತಿರುಗಿಸಿದೆ. ಸಂಜೆ ಡಬ್ಬಿ ತೆಗೆದರೆ ಒಳಗೆ ಕಲ್ಲು. ಅಪ್ಪ ಅದನ್ನು ಕುಟ್ಟಾಣಿಯಿಂದ ಒಡೆದು ಹಂಚಿದ. ಎರಡನೆಯ ಸಲ ಮಾವಿನ ರಸ, ಕಾಯಿಸಿ ಗಟ್ಟಿ ಮಾಡಿದ ಹಾಲು, ಕೈ ಬಿಚ್ಚಿ ಸಕ್ಕರೆ. ಆದರೆ ಡಬ್ಬಿಯ ಮುಚ್ಚಳ ಸಡಿಲವಾಗಿ ಉಪ್ಪುನೀರು ಒಳಗೆ ಹೋಗಿತ್ತು. ಅವ್ವ ಒಂದು ಚಮಚೆ ಬಾಯಿಗಿಟ್ಟು ಬಚ್ಚಲಿಗೆ ಓಡಿದಳು. ಅಪ್ಪ ಮಾತ್ರ ಮುಖದ ಗೆರೆ ಬದಲಿಸದೆ ಬಟ್ಟಲು ಖಾಲಿ ಮಾಡಿದ.

“ಛಲೋ ಆಗ್ಯದ ಪಮ್ಮಿ. ಉಪ್ಪಿನಕಾಯಿನೂ ಆತು, ಐಸ್‌ಕ್ರೀಮೂ ಆತು. ಒಂದ ಸಲಕ್ಕ ಎರಡು ಕೆಲಸ.”

ಮೂರನೆಯ ಸಲ ಮುಚ್ಚಳಕ್ಕೆ ಬಟ್ಟೆ ಸುತ್ತಿ ಬಿಗಿದೆ. ಆ ಸಲದ ಮಾವಿನ ಐಸು ಇದೆಯಲ್ಲ, ಅದರ ರುಚಿ ನನ್ನ ನಾಲಗೆಯ ಮೇಲೆ ಈಗಲೂ ಇದೆ. ಅಪ್ಪ ಎರಡು ಸಲ ಹಾಕಿಸಿಕೊಂಡ. ಅವ್ವ ಬಟ್ಟಲು ನೆಕ್ಕಿದಳು, ನೆಕ್ಕಿದ್ದನ್ನು ಯಾರೂ ನೋಡಲಿಲ್ಲ ಅಂದುಕೊಂಡಳು. ಕಟ್ಟೆಯ ಮೇಲೆ ಕೂತ ಭಾಗಮ್ಮನಿಗೆ ಅವಳ ಬಟ್ಟಲಿನಲ್ಲಿ ಹಾಕಿಕೊಟ್ಟೆ. ಅವಳ ಬಟ್ಟಲು ಒಳಗೆ ಬರುತ್ತಿರಲಿಲ್ಲ, ಹೊರಗಿನ ಗೂಡಿನಲ್ಲೇ ಇರುತ್ತಿತ್ತು. ಆಗ ಅದು ನನಗೆ ಗೋಡೆಯಷ್ಟೇ ಸಹಜವಾಗಿ ಕಾಣುತ್ತಿತ್ತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಅದನ್ನು ಬಿಟ್ಟು ಬರೆದರೆ ಇನ್ನೂ ನಾಚಿಕೆ. ಭಾಗಮ್ಮ ಒಂದು ತುತ್ತಿಗೆ ಕಣ್ಣು ಮುಚ್ಚಿ ತಲೆ ಹಿಡಿದುಕೊಂಡಳು.

“ಯವ್ವಾ, ನೆತ್ತಿಗೇ ಹತ್ತೀತಲ್ರೀ ಥಂಡಿ! ಸಣ್ಣವ್ವಾ, ನೀವು ಮನಿಷಾರನ್ನ ಕೊಲ್ಲಾಕತ್ತೀರೋ, ಉಣ್ಣಾಕ ಕೊಡಾಕತ್ತೀರೋ?”

ಎಲ್ಲರೂ ತಿಂದರು. ನಾನು ಒಂದು ಬಟ್ಟಲು ಹಿಡಿದುಕೊಂಡು ಬಲಗಡೆಯ ಹೊಸ್ತಿಲಿಗೆ ಹೋದೆ. ಅಜ್ಜಿ ಒಳಗಿನಿಂದಲೇ ಬಗ್ಗಿ ನೋಡಿದಳು.

“ಆ ಬಕೀಟು ಯಾರದು?”

“ವಾಡಿಯಾಗ ಯಾರೋ ಕೊಟ್ಟಾರ.”

“ಯಾರೋ ಅಂದ್ರ? ಅದರಾಗ ಅವರು ತತ್ತಿ ಹಾಕಿ ಮಾಡ್ತಿದ್ರೋ ಏನೋ. ನೀ ತಿನ್ನು, ನಿನಗ ನಡೀತದ.”

ಹೀಗೆ ಮೊದಲಾಯಿತು. ನಾನು ಬಿಟ್ಟೆನೇ? ತಗಡಿನ ಡಬ್ಬಿಯ ಬದಲು ಹಿತ್ತಾಳೆಯ ಡಬ್ಬಿ ಆದರೆ? ಹುಣಿಸೆಹಣ್ಣು, ಬೂದಿ ಹಚ್ಚಿ ಮೂರು ಸಲ ತಿಕ್ಕಿದರೆ? ಅಜ್ಜಿ ಯೋಚಿಸಿ ತನ್ನದೇ ಒಂದು ಹಳೆಯ, ಎರಡು ಕಿವಿಯ ಹಿತ್ತಾಳೆ ಡಬ್ಬಿಯನ್ನು ಕೊಟ್ಟಳು. ಬಕೆಟ್ಟಿನ ಹಿಡಿಕೆ ಅದಕ್ಕೆ ಕೂಡುತ್ತಿರಲಿಲ್ಲ, ಕೈಯಿಂದಲೇ ತಿರುಗಿಸಬೇಕು. ಕೊಟ್ಟ ಮೇಲೆ ಇನ್ನೊಂದು ತೆಗೆದಳು. ಆ ಬರ್ಫು ಯಾವ ನೀರಿನದು? ಕಾರಖಾನೆಯದೋ, ಕೊಳಾಯಿಯದೋ, ಯಾರು ಸೇದಿದ್ದೋ? ಅಪ್ಪ ನನ್ನ ಪರ ವಕಾಲತ್ತಿಗೆ ಬಂದ.

“ಆಯಿ, ಗಂಗಿ ಹುಟ್ಟಿದ್ದೇ ಬರ್ಫಿನ್ಯಾಗ. ಬರ್ಫಿಗೆ ಎಲ್ಲಿ ಮೈಲಿಗಿ ಹಚ್ಚಿದಿ?”

“ಹಿಮಾಲಯದ ಬರ್ಫ ಬ್ಯಾರೆ, ವಾಡಿ ಬರ್ಫ ಬ್ಯಾರೆ. ಈ ಶಾಸ್ತ್ರ ನಿನ್ನ ಸಾಲ್ಯಾಗ ಹೇಳು, ಹುಡುಗರು ಕೇಳ್ತಾವ.”

ಕಡೆಗೆ ಬರ್ಫು ಡಬ್ಬಿಯ ಹೊರಗಷ್ಟೇ ಇರುವುದರಿಂದ ಚಿಂತೆಯಿಲ್ಲ ಅಂತ ಒಪ್ಪಿಗೆಯಾಯಿತು. ಆದರೆ ಗೋಣಿ ಮುಟ್ಟಿದವರಿಗೆ ಮಡಿ ಉಳಿಯುವುದಿಲ್ಲ. ಹಾಗಾಗಿ ಬರ್ಫು ಒಡೆದು ತುಂಬುವವರು ಒಬ್ಬರು, ಡಬ್ಬಿಯ ಕಿವಿ ಹಿಡಿದು ತಿರುಗಿಸುವವರು ಇನ್ನೊಬ್ಬರು. ಅವ್ವ ಮೊದಲನೆಯದಕ್ಕೆ ಒಪ್ಪಿದಳು, ನಾನು ಎರಡನೆಯದಕ್ಕೆ. ಅಷ್ಟರಲ್ಲಿ ಬೇಸಿಗೆ ಮುಗಿದು ಚಾತುರ್ಮಾಸ್ಯ ಬಂತು.

ಚಾತುರ್ಮಾಸ್ಯ ಅಂದರೆ ನಮ್ಮ ಮನೆಯಲ್ಲಿ ನಾಲ್ಕು ತಿಂಗಳು, ನಾಲ್ಕು ವ್ರತ. ಮೊದಲ ತಿಂಗಳು ಕಾಯಿಪಲ್ಯೆ, ಹಣ್ಣು ಇಲ್ಲ. ಮಾವಿಗೆ ಮಾತ್ರ ಮಾಫಿ. ಎರಡನೆಯ ತಿಂಗಳು ಮೊಸರಿಲ್ಲ. ಮೂರನೆಯ ತಿಂಗಳು ಹಾಲಿಲ್ಲ. ನಾಲ್ಕನೆಯ ತಿಂಗಳು ಬೇಳೆಯಿಲ್ಲ. ಹಣ್ಣಿಲ್ಲದ ತಿಂಗಳು ನಾನು ಮಾವು ಹುಡುಕಿದೆ, ಆಗಲೇ ಮುಗಿದಿತ್ತು. ಮೊಸರಿಲ್ಲದ ತಿಂಗಳು ಹಾಲಿತ್ತು, ಹಣ್ಣು ಅಂದರೆ ಬಾಳೆಯದೊಂದೇ. ಅದರ ಐಸು ಕಪ್ಪಗಾಗಿ ಸೆಗಣಿಯ ಬಣ್ಣಕ್ಕೆ ತಿರುಗಿತು. ಹಾಲಿಲ್ಲದ ತಿಂಗಳಿಗೆ ಸರಿಯಾಗಿ ಭಾಗಮ್ಮನ ಬುಟ್ಟಿಯಲ್ಲಿ ಸೀತಾಫಲ ಬಂತು. ದಂಡೋತಿಯ ಹೊಲದ ಒಡ್ಡುಗಳ ಮೇಲೆ ಯಾರೂ ನೆಡದೆ ಬೆಳೆಯುವ ಹಣ್ಣು, ಒಂದೊಂದು ಮಗುವಿನ ತಲೆಯಷ್ಟು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ನನ್ನ ಕತೆ ಅದೇ ಆಯಿತು.

ಸೀತಾಫಲ ಬಂದ ದಿನ ಅಜ್ಜಿ ಮಡಿ ಉಡುವ ಮೊದಲೇ ಕಟ್ಟೆಗೆ ಬರುತ್ತಿದ್ದಳು. ಬೇರೆ ಯಾವ ಹಣ್ಣಿಗೂ ಬರುತ್ತಿರಲಿಲ್ಲ. ಒಂದೊಂದೇ ಹಣ್ಣು ಎತ್ತಿ, ಕಣ್ಣು ಬಿಟ್ಟಿದೆಯೋ ಇಲ್ಲವೋ ನೋಡಿ, ಮೆಲ್ಲಗೆ ಒತ್ತಿ, ಮೂಗಿನ ಹತ್ತಿರ ಹಿಡಿದು, ಒಂದು ಗಳಿಗೆ ಹಾಗೇ ಇದ್ದು, ಆಮೇಲೆ ಆರಿಸಿ ಇಡುತ್ತಿದ್ದಳು. ಅದನ್ನು ನೋಡಿಯೇ ನನಗೆ ಖಾತ್ರಿಯಾದದ್ದು. ಅಜ್ಜಿಗೆ ಏನಾದರೂ ಮಾಡಿದರೆ ಸೀತಾಫಲದ್ದೇ ಮಾಡಬೇಕು. ಆಕೆ ಬಾಗಿಲು ಮುಂದೆ ಮಾಡಿಕೊಂಡು ಉಣ್ಣುವವಳಾದ್ದರಿಂದ ಏನು ತಿನ್ನುತ್ತಾಳೆ, ಏನು ತಿನ್ನುವುದಿಲ್ಲ ಅಂತ ನಾನು ಕಣ್ಣಾರೆ ನೋಡಿರಲೇ ಇಲ್ಲ. ನೋಡಬೇಕು ಅಂತಲೂ ಹೊಳೆಯಲಿಲ್ಲ.

ಹಾಲಿಲ್ಲದ ತಿಂಗಳು ಮೊಸರು ನಡೆಯುತ್ತದಲ್ಲ ಅಂತ ಮೊಸರಿನಲ್ಲಿ ಮಾಡಿದೆ. ಹುಳಿಯೋ ಹುಳಿ. ದಸರೆ ಮುಗಿಯಿತು, ಹಾಲು ಬಂತು. ಹಾಲು ಕಾಯಿಸಿ, ಬಿಸಿ ಇರುವಾಗಲೇ ಹಣ್ಣು ಹಾಕಿದೆ, ಕಹಿ ಬಡಿಯಿತು. ಇನ್ನೊಂದು ಸಲ ಬೀಜ ತೆಗೆಯಲು ಕಲ್ಲಿನ ಮೇಲೆ ಅರೆಯಹೋಗಿ ಬೀಜವೇ ಒಡೆದು ಅದಕ್ಕೂ ಕಹಿ. ಪ್ರತಿ ಸಲವೂ ಹೊಸ್ತಿಲ ಹೊರಗೆ ಕೂತು ಅಳುಮುಖ ಮಾಡಿ ಅಜ್ಜಿಗೆ ವರದಿ ಒಪ್ಪಿಸುತ್ತಿದ್ದೆ. ಅಜ್ಜಿ ಒಳಗೆ ಒಲೆಯ ಮುಂದಿನಿಂದಲೇ ಮೊಸರಿನಲ್ಲಿ ಕಲ್ಲು ಹುಡುಕುತ್ತಿದ್ದಳು.

“ಬಿಸಿ ಹಾಲಿಗೆ ಹಾಕಿದ್ರ ಕಹಿ ಆಗದ ಏನಾಗ್ತದ? ಹಾಲು ಪೂರ್ತಿ ಆರಲಿ. ಕೈ ಇಟ್ರ ಥಣ್ಣಗ ಹತ್ತಬೇಕು.”

“ಮತ್ತ ಬೀಜ?”

“ಜರಡಿ ಮ್ಯಾಲೆ ಹಾಕಿ ಬೆರಳಿಲೆ ತಿರುವು. ಒತ್ತಬ್ಯಾಡ, ಸುಮ್ನ ತಿರುವು, ಕೂಸಿನ ತಲಿಗೆ ಎಣ್ಣಿ ಹಚ್ಚಿದಂಗ. ಏಲಕ್ಕಿ ಹಾಕಿದ್ಯಾ?”

“ಹೂಂ, ಭಾಳ ಹಾಕೀನಿ.”

“ಖೋಡಿ! ಸೀತಾಫಲಕ್ಕ ಯಾರರ ಏಲಕ್ಕಿ ಹಾಕ್ತಾರ? ಅದರ ವಾಸನಿ ಅದಕ್ಕ ಅದ. ಅದರ ಮ್ಯಾಲೆ ಇನ್ನೊಂದು ವಾಸನಿ ಹೊದಿಸಬ್ಯಾಡ.”

ಆಕೆ ಹೇಳಿದಂತೆ ಮಾಡಿದೆ. ಆ ಐಸು ತಿಂದು ಅಪ್ಪ ಸುಮ್ಮನೆ ಕೂತುಬಿಟ್ಟ. ಮಾತಿನ ಮನುಷ್ಯ ಸುಮ್ಮನಾದನೆಂದರೆ ನನಗೆ ಅದಕ್ಕಿಂತ ದೊಡ್ಡ ಪದವಿ ಬೇಡ. ಆದರೆ ಅಪ್ಪನೂ ಅವ್ವನೂ ಒಂದು ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾಕೆ ಅಂತ ನನಗೆ ತಿಳಿಯಲಿಲ್ಲ. ಅಜ್ಜಿಗೆ ನಾಳೆಯೇ ಮಡಿಯಲ್ಲಿ ಮಾಡುತ್ತೇನೆ ಅಂತ ನಾನು ಕುಣಿದಾಡುತ್ತಿದ್ದೆ.

“ಅತ್ಯಾ, ನೀವರ ಹೇಳ್ರಿ ಆಕಿಗಿ,” ಅಂದಳು ಅವ್ವ ಒಳಗಿನ ಖೋಲಿಯ ಕಡೆ ನೋಡಿ.

“ಮಾಡ್ಲಿ ಬಿಡು,” ಅಂತ ಒಳಗಿಂದ ಬಂತು.

ಮರುದಿನ ನಾನು ತಲೆಗೆ ನೀರು ಹಾಕಿಕೊಂಡು, ಗಳದ ಮೇಲಿನ ಮಡಿ ಬಟ್ಟೆಯನ್ನು ಕೋಲಿನಿಂದ ಇಳಿಸಿ ಉಟ್ಟೆ. ಬಾವಿಯ ನೀರು ನಾನೇ ಸೇದಿದೆ. ಅಜ್ಜಿಯ ಡಬ್ಬಿ, ಅಜ್ಜಿಯ ಜರಡಿ. ಅವ್ವ ಬರ್ಫು ತುಂಬಿದಳು, ನಾನು ಡಬ್ಬಿಯ ಕಿವಿ ಹಿಡಿದು ತಿರುಗಿಸಿದೆ, ಅಂಗೈ ಮರಗಟ್ಟುವ ತನಕ. ನೈವೇದ್ಯಕ್ಕಿಡುವುದನ್ನು ಮೊದಲೇ ರುಚಿ ನೋಡುವಂತಿಲ್ಲ, ನೋಡಲಿಲ್ಲ. ಅಪ್ಪ ಪೂಜೆ ಮುಗಿಸಿ ಬಟ್ಟಲಿನ ಮೇಲೆ ತುಳಸಿಯಿಟ್ಟು ಗಂಟೆ ಬಾರಿಸಿದ. ದೇವರಿಗೆ ಹಲ್ಲು ಜುಮ್ಮೆಂದಿರಬೇಕು ಅಂತ ಅಂದ. ಮೊದಲ ಬಟ್ಟಲು ಅಜ್ಜಿಗೆ. ಆಕೆ ಎರಡೂ ಕೈ ಚಾಚಿ ತೆಗೆದುಕೊಂಡಳು. ಕಣ್ಣಿಗೆ ಒತ್ತಿಕೊಂಡಳು. ಮೂಗಿನ ಹತ್ತಿರ ಹಿಡಿದಳು, ಹಾಗೇ ಹಿಡಿದೇ ಇದ್ದಳು. ಆಮೇಲೆ ಬಟ್ಟಲನ್ನು ನನ್ನ ಮುಂದೆ ಇಟ್ಟು ಅಂದಳು:

“ನೀ ತಿನ್ನು, ಪುಟ್ಟಿ.”

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ದೇವರೇ ತಿಂದದ್ದನ್ನು ಈಕೆ ತಿನ್ನುವುದಿಲ್ಲವೆಂದರೆ? ನನಗೆ ಏನಾಯಿತೋ, ಬಟ್ಟಲು ಎತ್ತಿ ಫರಸಿಯ ಮೇಲೆ ಒಗೆದೆ. ಪ್ರಸಾದ ಗೋಡೆಯ ತನಕ ಹಾರಿತು.

“ನನ್ನ ಕೈ ಅಷ್ಟು ಹೊಲಸ ಅದ ಏನು? ತಿನ್ನಂಗಿಲ್ಲ ಅಂತ ಮೊದಲೇ ಯಾಕ ಹೇಳಲಿಲ್ಲ? ಡಬ್ಬಿ, ಬರ್ಫ, ಹಾಲು, ಏಲಕ್ಕಿ! ಸುಳ್ಳ ಸುಳ್ಳ ಕುಣಿಸಿದಿ ನನ್ನ!”

ಅವ್ವ ಬಂದು ಕಪಾಳಕ್ಕೆ ಒಂದು ಬಿಟ್ಟಳು. ಅಪ್ಪ, ಎಂದೂ ದನಿ ಏರಿಸದವನು, ಪ್ರಸಾದ ತುಳಿಯಬೇಡ ಅಂತ ಚೀರಿದ. ಅಜ್ಜಿ ಮಾತ್ರ ಬಗ್ಗಿ ಫರಸಿ ಒರೆಸತೊಡಗಿದಳು. ನಾನು ಅಳುತ್ತ ಕಟ್ಟೆಗೆ ಓಡಿದೆ. ಅಲ್ಲಿ ಭಾಗಮ್ಮ ಬುಟ್ಟಿ ಇಳಿಸಿಕೊಂಡು ಕೂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದಳು:

“ಸಣ್ಣವ್ವಾ, ಅವ್ವಾರು ಗಯಾಕ್ಕ ಹೋಗಿ ಬಂದಾಗಿಂದ ಸೀತಾಫಲ ಬಿಟ್ಟಾರಲ್ರೀ. ನಿಮಗ ಯಾರೂ ಹೇಳೇ ಇಲ್ಲೇನು?”

ನಮ್ಮಲ್ಲಿ ಕಾಶಿ, ಗಯಾಕ್ಕೆ ಹೋದವರು ಅಲ್ಲಿ ಏನಾದರೂ ಒಂದನ್ನು ಬಿಟ್ಟು ಬರಬೇಕು. ಒಂದು ಹಣ್ಣು, ಒಂದು ಕಾಯಿಪಲ್ಯೆ. ಆಮೇಲೆ ಜನ್ಮವಿರುವ ತನಕ ಅದನ್ನು ಬಾಯಿಗೆ ಹಾಕುವಂತಿಲ್ಲ, ಪ್ರಸಾದವಾಗಿ ಬಂದರೂ ಕಣ್ಣಿಗೊತ್ತಿ ಬೇರೆಯವರಿಗೆ ಕೊಡಬೇಕು. ಇದು ನನಗೆ ಗೊತ್ತಿತ್ತು. ಅಜ್ಜಿ ಅಜ್ಜನ ಕಾರ್ಯಕ್ಕೆ ಗಯಾಕ್ಕೆ ಹೋಗಿದ್ದೂ ಗೊತ್ತಿತ್ತು. ಏನು ಬಿಟ್ಟಳು ಅಂತ ಕೇಳುವ ಬುದ್ಧಿ ಮಾತ್ರ ಇರಲಿಲ್ಲ. ಐದು ತಿಂಗಳು ಎಲ್ಲ ಕೇಳಿದ್ದೆ, ಅದೊಂದನ್ನು ಬಿಟ್ಟು.

ಮಧ್ಯಾಹ್ನ ಅಜ್ಜಿ ತಾನೇ ಹೊರಗೆ ಬಂದಳು. ನಾನು ಪಡಸಾಲೆಯ ಕಂಬಕ್ಕೆ ಮುಖ ಮಾಡಿ ಕೂತಿದ್ದೆ. ಆಕೆ ಪಕ್ಕಕ್ಕೆ ಕೂತು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಮಡಿಯಲ್ಲಿ ನನ್ನನ್ನು ಮುಟ್ಟಿದ್ದಳು. ಇನ್ನು ಮತ್ತೆ ಸ್ನಾನ ಮಾಡಬೇಕು ಅಂತ ಆಕೆಗೂ ಗೊತ್ತು, ನನಗೂ ಗೊತ್ತು.

“ಗಯಾದಾಗ ಪಿಂಡ ಹಾಕಿಸಿದ ಪಂಡಾ ಕೇಳಿದ, ಏನು ಬಿಡ್ತೀರಿ ಅಂತ. ನನ್ನ ಜೋಡಿ ಬಂದವರು ಶಾಣ್ಯಾರು, ಹಾಗಲಕಾಯಿ ಬಿಟ್ರು, ತುಪ್ಪರಿಕಾಯಿ ಬಿಟ್ರು. ನನಗ ಸುಳ್ಳ ಹೇಳ್ಲಿಕ್ಕೆ ಬಾಯಿ ಬರಲಿಲ್ಲ. ಭಾಳ ಇಷ್ಟದ್ದು ಬಿಡಬೇಕಲ್ಲ, ಸೀತಾಫಲ ಅಂದೆ.”

“ನನಗ ಮೊದಲೇ ಹೇಳಬಾರದಿತ್ತೇನು?”

“ಹೇಳಿದ್ರ ನೀ ಮಾಡೂದ ಬಿಡ್ತಿದ್ದಿ. ದಿನಾ ಜರಡಿ ಹಿಡಕೊಂಡು ಹೊಸ್ತಿಲದಾಗ ಬಂದು ಕೂಡ್ತಿದ್ದಿ. ಸೀತಾಫಲದ ವಾಸನಿ ಒಳಗ ಒಲಿ ತನಕ ಬರ್ತಿತ್ತು.” ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ತಿನ್ನೂದ ಬಿಡ್ತೀನಿ ಅಂದೀನಿ. ವಾಸನಿ ಬಿಡ್ತೀನಿ ಅಂತ ಗಯಾದಾಗ ನಾ ಎಲ್ಲಿ ಹೇಳೀನಿ?”

ನನಗೆ ಅಳುವಿನ ನಡುವೆಯೇ ನಗು ಬಂತು. ಇಷ್ಟೊಂದು ಕಟ್ಟುನಿಟ್ಟಿನ ಅಜ್ಜಿ ದೇವರಿಗೇ ಕಣ್ಣು ತಪ್ಪಿಸಿ ಒಂದು ತಿಂಗಳಿಂದ ಸೀತಾಫಲದ ಪರಿಮಳ ಉಂಡಿದ್ದಳು! ಆದರೆ ನಾನು ನಗುತ್ತಲೇ ಬಿಡುವವಳಲ್ಲ.

“ಅದು ಹೋಗ್ಲಿ. ಬ್ಯಾರೆ ಹಣ್ಣಿಂದು ಮಾಡಿದ್ರ ತಿಂತಿಯೇನು? ಅವ್ವನ ಕೈದು ಸೈತ ತಿನ್ನಂಗಿಲ್ಲ ನೀ. ಅದನ್ನೂ ಗಯಾದಾಗ ಬಿಟ್ಟೀಯೇನು?”

ಅಜ್ಜಿ ನನ್ನ ಸಡಿಲಾದ ಹೆರಳನ್ನು ಹಿಂದಕ್ಕೆ ಸರಿಸಿದಳು.

“ಇಲ್ಲ. ಅದು ಯಾರೂ ಬಿಡು ಅಂದಿದ್ದಿಲ್ಲ. ನಿಮ್ಮಜ್ಜ ಉಂಡು ಎದ್ದ ಎಲ್ಯಾಗ ನಾ ಉಣ್ತಿದ್ದೆ. ಅವರು ಹೋದ್ರು. ಆಮ್ಯಾಲೆ ಯಾರ ಜೋಡಿ, ಯಾರ ಕೈಯಿಂದ ಉಣಬೇಕು ನನಗ ತಿಳೀಲಿಲ್ಲ. ಬಾಗಲಾ ಮುಂದ ಮಾಡಿಕೊಂಡೆ. ಮಡಿ ಅಂದ್ರ ಯಾರೂ ಕೇಳಂಗಿಲ್ಲಲ್ಲ.”

ಹನ್ನೊಂದು ವರ್ಷದವಳಿಗೆ ಅದು ಎಷ್ಟು ತಿಳಿಯಬೇಕೋ ಅಷ್ಟು ತಿಳಿಯಿತು. ನಾನು ಮತ್ತೆ ಕೇಳಲಿಲ್ಲ. ನಾನು ಕೇಳದೆ ಸುಮ್ಮನಾದ ಪ್ರಶ್ನೆಗಳಲ್ಲಿ ಅದೇ ಮೊದಲನೆಯದು ಅಂತ ಅವ್ವ ಆಮೇಲೆ ಹೇಳುತ್ತಿದ್ದಳು. ಇವತ್ತಿಗೂ ನಮ್ಮ ಮನೆಗೆ ಯಾರು ಬಂದರೂ, ಫ್ರೀಜರಿನಲ್ಲಿ ಪೇರಲ ಹಣ್ಣಿನದೋ ಚಿಕ್ಕೂವಿನದೋ ಏನಾದರೂ ಒಂದು ಇಟ್ಟೇ ಇರುತ್ತೇನೆ. ಆದರೆ ನಾನು ಅವರನ್ನು ಏನು ತಿನ್ನುತ್ತೀರಿ ಅಂತ ಕೇಳುವುದಿಲ್ಲ, ಏನು ಬಿಟ್ಟಿದ್ದೀರಿ ಅಂತ ಕೇಳುತ್ತೇನೆ. ಈಗಿನವರು ಹೆಚ್ಚಾಗಿ ಸಕ್ಕರೆ ಬಿಟ್ಟಿರುತ್ತಾರೆ, ಗಯಾಕ್ಕೆ ಹೋಗಿ ಅಲ್ಲ, ಡಾಕ್ಟರ ಹತ್ತಿರ ಹೋಗಿ. ಒಮ್ಮೊಮ್ಮೆ ಮಾತ್ರ ಯಾರೋ ಒಬ್ಬರು ತಡೆದು, ನೆಲ ನೋಡುತ್ತ ಹೇಳುತ್ತಾರೆ. ಅವರಿಗೆ ನಾನು ಎರಡನೆಯ ಸಲ ಒತ್ತಾಯ ಮಾಡುವುದಿಲ್ಲ.

ಕಾರ್ತಿಕದ ಏಕಾದಶಿ ಬಂತು, ಚಾತುರ್ಮಾಸ್ಯದ ಕೊನೆಯ ಏಕಾದಶಿ. ಅಜ್ಜಿ ಅಂದು ಹನಿ ನೀರನ್ನೂ ಮುಟ್ಟುವುದಿಲ್ಲ. ಮರುದಿನ ದ್ವಾದಶಿಯ ಬೆಳಿಗ್ಗೆ ಉಪವಾಸ ಬಿಡುವುದಕ್ಕೆ ಪಾರಣೆ ಅನ್ನುತ್ತೇವೆ. ಅಜ್ಜಿಗೆ ಎಲ್ಲ ಊಟಕ್ಕಿಂತ ದೊಡ್ಡದು ಅದು. ಹಿಂದಿನ ದಿನದ್ದು ನಡೆಯುವುದಿಲ್ಲ, ನಸುಕಿನಲ್ಲಿ ಎದ್ದು ಹೊಸದಾಗಿ ಮಾಡಬೇಕು, ನೆಲ್ಲಿಕಾಯಿ ಇರಲೇಬೇಕು. ಏಕಾದಶಿಯ ಬೆಳಿಗ್ಗೆ, ಸ್ನಾನಕ್ಕೆ ಮೊದಲು ನನ್ನ ತಲೆ ಬಾಚುತ್ತ ಬಾಚುತ್ತ ಅಜ್ಜಿ ಏನೋ ಸಣ್ಣ ವಿಚಾರ ಹೇಳುವವಳ ಹಾಗೆ ಅಂದಳು:

“ನೆಲ್ಲಿಕಾಯಿಂದು ಆ ನಿನ್ನ ಐಸು ಆಗ್ತದೇನು?”

ನಾನು ತಿರುಗಲು ಹೋದೆ. ಹೆರಳು ಆಕೆಯ ಕೈಯಲ್ಲಿತ್ತು, ಚುರ್ರೆಂದಿತು.

“ನಾಳಿನ ಪಾರಣಿಗೇನು? ನಿನಗೇನು?”

“ನನಗಲ್ಲದ ದಂಡೋತಿ ಗೌಡಗೇನು? ಗಪ್ ಕೂಡು, ಬೈತಲಿ ಸೊಟ್ಟ ಆಗ್ತದ.”

ಅಪ್ಪ ವಾಡಿಗೆ ಹೊರಟಾಗ ಬರ್ಫು ತರದಿದ್ದರೆ ಮನೆಗೆ ಬರಬೇಡ ಅಂದೆ. ಉಪವಾಸದ ಹೊಟ್ಟೆಯಲ್ಲಿ ಆತ ಸಂಜೆಯ ಗಾಡಿಗೆ ತಂದ. ದಾರಿಯಲ್ಲಿ ಗಾಡಿ ನಿಂತು ನಿಂತು ಬಂದಿತ್ತು, ಗಡ್ಡೆ ಅರ್ಧವಾಗಿತ್ತು. ಹೊಟ್ಟಿನಲ್ಲಿ ಹೂತು ಇಟ್ಟೆವು. ನಸುಕಿನಲ್ಲಿ ನಾನು ತಣ್ಣೀರು ಸುರಿದುಕೊಂಡು ನಡುಗುತ್ತ ಮಡಿ ಉಟ್ಟೆ. ನೆಲ್ಲಿಕಾಯಿ ಬೇಯಿಸಿ, ಬೀಜ ಬಿಡಿಸಿ, ನಾರು ಸೋಸಿ, ಸಕ್ಕರೆಯ ಪಾಕದಲ್ಲಿ ಕಲಸಿದೆ. ಎಷ್ಟು ಸಕ್ಕರೆ? ನೆಲ್ಲಿಕಾಯಿ ಹುಳಿಯೂ ಹೌದು, ಒಗರೂ ಹೌದು, ಅದರೊಂದಿಗೆ ನನಗೆ ಸಂಬಂಧವೇ ಇರಲಿಲ್ಲ. ಒಂದು ಸಲವೂ ಮಾಡಿ ನೋಡಿರಲಿಲ್ಲ. ರುಚಿ ನೋಡಲಾ ಅಂದರೆ ನೈವೇದ್ಯ ಆಗಬೇಕು. ಅಂದಾಜಿನಲ್ಲಿ ಹಾಕಿದೆ, ಕಣ್ಣು ಮುಚ್ಚಿ ಇನ್ನೊಂದು ಮುಷ್ಟಿ ಹಾಕಿದೆ. ಅವ್ವ ಹೊಟ್ಟು ಕೆದರಿದರೆ ಒಳಗೆ ಬರ್ಫು ಒಂದು ತೆಂಗಿನಕಾಯಿಯಷ್ಟು ಉಳಿದಿತ್ತು. ಇದ್ದಷ್ಟನ್ನೇ ಕುಟ್ಟಿ ಉಪ್ಪು ಬೆರೆಸಿ ಸುತ್ತಲೂ ತುಂಬಿದಳು. ನಾನು ತಿರುಗಿಸಿದೆ, ತಿರುಗಿಸಿದೆ. ಪಾರಣೆಯ ಹೊತ್ತು ಹತ್ತಿರ ಬಂತು. ಮುಚ್ಚಳ ತೆಗೆದರೆ ಅದು ಐಸೂ ಅಲ್ಲ, ಪಾನಕವೂ ಅಲ್ಲ. ಅಂಚಿಗೆ ಮಾತ್ರ ತೆಳ್ಳಗೆ ಹೆಪ್ಪುಗಟ್ಟಿ, ನಡುವೆ ಗಂಜಿಯ ಹಾಗೆ ಜೊಳಜೊಳ.

“ಅವ್ವಾ, ಕೆಟ್ಟುಹೋತು,” ಅಂದೆ.

“ಕೆಟ್ಟಿಲ್ಲ. ನಡಿ, ಹೊತ್ತಾತು,” ಅಂದಳು ಅವ್ವ.

ಅಪ್ಪ ನೈವೇದ್ಯ ಮಾಡಿದ. ಅಜ್ಜಿ ತೀರ್ಥ ತೆಗೆದುಕೊಂಡು ಮಣೆಯ ಮೇಲೆ ಕೂತಳು. ಒಂದು ಹಗಲು, ಒಂದು ರಾತ್ರಿ ನೀರಿಲ್ಲದೆ ಒಣಗಿದ ತುಟಿ. ನಾನು ಬಟ್ಟಲು ಆಕೆಯ ಮುಂದಿಟ್ಟು ಹಿಂದೆ ಸರಿದೆ. ಅಜ್ಜಿ ಒಂದು ಚಮಚೆ ತೆಗೆದು ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ದವಡೆ ಅತ್ತ ಇತ್ತ ಆಡಿತು. ಮುಖ ಕಿವುಚಿತು, ಕಣ್ಣು ಎರಡೂ ಮುಚ್ಚಿದವು, ಹೆಗಲು ಕಿವಿಯ ತನಕ ಏರಿತು. ಆಮೇಲೆ ನುಂಗಿದಳು. ಇನ್ನೊಂದು ಚಮಚೆ ತೆಗೆದಳು. ಅವ್ವ ಸೆರಗು ಬಾಯಿಗೆ ಹಿಡಿದು ಅಡುಗೆಮನೆಗೆ ಹೋಗಿಬಿಟ್ಟಳು. ಆಕೆ ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅಜ್ಜಿ ಇನ್ನೊಬ್ಬರ ಕೈಯದು ತಿನ್ನುವುದನ್ನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಸಂಜೆಯ ತುಳಸಿ ಲಗ್ನಕ್ಕೆ ಕಬ್ಬು, ನೆಲ್ಲಿಯ ಟೊಂಗೆ ಹೊತ್ತುಕೊಂಡು ಭಾಗಮ್ಮ ಬಂದಳು. ಅಜ್ಜಿ ಬಟ್ಟಲು ಹಿಡಿದುಕೊಂಡೇ ಎದ್ದು ಬಾಗಿಲಿಗೆ ಬಂದಳು, ಇಡೀ ಓಣಿಗೆ ಕೇಳುವ ಹಾಗೆ ಕೂಗಿ ಹೇಳಿದಳು:

“ಭಾಗೂ, ಇವತ್ತ ನನಗ ನಮ್ಮ ಪಮ್ಮಿ ಪಾರಣಿ ಮಾಡಿಸಿದಳು ನೋಡು!”

“ಹೌದೇನ್ರೀ ಅವ್ವಾರ! ಹೆಂಗ ಆಗೇದ್ರಿ?”

“ಸಕ್ಕರಿ ಕಡಿಮಿ ಆಗ್ಯದ. ಬರ್ಫೂ ಸರಿ ಹತ್ತಿಲ್ಲ. ಒಗರು ಇನ್ನಾ ನಾಲಿಗಿ ಮ್ಯಾಲೆ ಅದ.”

ನನ್ನ ಮುಖ ಬಾಡಿತು. ಹೋಗಲಿ, ತಿಂದಳಲ್ಲ, ಇನ್ನು ತೊಳೆದಿಡೋಣ ಅಂತ ಬಟ್ಟಲಿಗೆ ಕೈ ಚಾಚಿದೆ. ಅಜ್ಜಿ ಅದನ್ನು ಎದೆಗವಚಿಕೊಂಡು ಅತ್ತ ತಿರುಗಿದಳು.

“ಕೈ ತಗಿ. ಇನ್ನಾ ಅದ ಇದರಾಗ.”